ಯೌಗಪದ್ಯವೂ ಅವಿರೋಧವೂ: ಗಣಕಯಂತ್ರದಲ್ಲಿ ತಂತ್ರಾಂಶಗಳ ನಿರ್ಮಾಣ ಮತ್ತು ಸ್ಥಾಪನೆ

ಹಲವರು ಏಕಕಾಲದಲ್ಲಿ ಒಂದು ಕಾರ್ಯಕ್ಕೆ ಕೈಹಾಕಿದರೆ ಅದು ಬೇಗ ಮುಗಿಯುವುದೂ ಉಂಟು, ಕೆಡುವುದೂ ಉಂಟು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಹೊರಬಂದಿತು. ಅಂತಹ ಬೃಹತ್ಕಾರ್ಯದಲ್ಲಿ ಬರೆಯುವ ಕೈಗಳು ಅನೇಕ. ಆದರೆ ಒಂದೊಂದು ಶೀರ್ಷಿಕೆಗೆ ಒಬ್ಬೊಬ್ಬ ಲೇಖಕರು, ಎಲ್ಲವನ್ನೂ ಅಕಾರಾದಿಯಾಗಿ ಜೋಡಿಸುವುದಕ್ಕೆ ಒಂದೇ ಸಂಪಾದಕವರ್ಗ ಎಂಬ ಕಟ್ಟುಪಾಡು ಅವಶ್ಯಕ. ಗಣಕಯಂತ್ರದಲ್ಲಿ ತಂತ್ರಾಂಶಗಳನ್ನು ಏಕಕಾಲದಲ್ಲಿ ಸಿದ್ಧಪಡಿಸುವ ವಿದ್ಯೆಗೂ ಇದೇ ನ್ಯಾಯವು ಆಧಾರವಾಗಿದೆ.

1993ರಲ್ಲಿ ಆರಂಭವಾದ ಡೆಬಿಯನ್ ಎಂಬುದು ಯಾರು ಬೇಕಾದರೂ ಬೆಲೆಯಿಲ್ಲದೆ ಪಡೆಯಬಹುದಾದ ಗಣಕವ್ಯವಸ್ಥೆ. ಅದರಲ್ಲಿ ತಂತ್ರಾಂಶಗಳು 'ಪ್ಯಾಕೇಜ್' ಎಂಬ ಕಟ್ಟುಗಳ ರೂಪದಲ್ಲಿ ದೊರೆಯುತ್ತವೆ. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳೂ ಅಲ್ಲಿ ಹೀಗೆಯೇ ಲಭ್ಯ. ಮೂಲಪಾಠದಿಂದ ಬಳಕೆಗೆ ತಕ್ಕ ರೂಪವನ್ನು ಪಡೆಯುವುದು ನಿರ್ಮಾಣ; ಆ ರೂಪವನ್ನು ಯಂತ್ರದೊಳಗೆ ಅದರದರ ಸ್ಥಾನದಲ್ಲಿ ಇರಿಸುವುದು ಸ್ಥಾಪನೆ.

ಇಲ್ಲಿ ವಿರೋಧ ಹುಟ್ಟುವುದು ಹೇಗೆ? ವ್ಯಾಕರಣಶಾಸ್ತ್ರದಲ್ಲಿ ವಿಪ್ರತಿಷೇಧವೆಂಬ ಮಾತುಂಟು. ಸಮಾನಬಲವುಳ್ಳ ಎರಡು ಸೂತ್ರಗಳು ಒಂದೇ ಸ್ಥಳದಲ್ಲಿ ಒಮ್ಮೆಗೇ ಪ್ರಾಪ್ತವಾದರೆ ಅದು ವಿಪ್ರತಿಷೇಧ. ಆಗ ಸೂತ್ರಪಾಠದಲ್ಲಿ ಮುಂದೆ ಬರುವುದೇ ಬಲಿಷ್ಠವೆಂದು ಪಾಣಿನಿಯ ನಿರ್ಣಯ. ಅಲ್ಲಿ ಸೂತ್ರಗಳ ಕ್ರಮ ಸ್ಥಿರವಾದುದರಿಂದ ಫಲವೂ ಸ್ಥಿರ. ಗಣಕದಲ್ಲಾದರೋ ಏಕಕಾಲದಲ್ಲಿ ನಡೆಯುವ ಎರಡು ಕಾರ್ಯಗಳು ಒಂದೇ ಕಡತವನ್ನು ಬರೆಯತೊಡಗಿದರೆ ಯಾವುದು ಕೊನೆಯದಾಗುವುದೆಂಬ ನಿಯಮವಿಲ್ಲ. ಇಂದು ಒಂದು, ನಾಳೆ ಮತ್ತೊಂದು. ಆದುದರಿಂದ ದೋಷವಿರುವುದು ಯೌಗಪದ್ಯದಲ್ಲಲ್ಲ, ಕ್ರಮ ಗೊತ್ತಾಗದೆ ಒಂದೇ ಸ್ಥಳಕ್ಕೆ ಎರಡು ಕೈಗಳು ಚಾಚುವುದರಲ್ಲಿ.

ಇದಕ್ಕೆ ಪರಿಹಾರಗಳು ಮೂರು. ಮೊದಲನೆಯದು ಕ್ರಮನಿರ್ದೇಶ. 1976ರಲ್ಲಿ ಬೆಲ್ ಪ್ರಯೋಗಾಲಯದ ಸ್ಟುವರ್ಟ್ ಫೆಲ್ಡ್‌ಮನ್ ರಚಿಸಿದ 'ಮೇಕ್' ಎಂಬ ತಂತ್ರಾಂಶಕ್ಕೆ ಯಾವ ಕಡತಕ್ಕೆ ಯಾವುದು ಆಧಾರವೆಂಬುದನ್ನು ಬರೆದುಕೊಟ್ಟರೆ ಅದು ತಕ್ಕ ಕ್ರಮದಲ್ಲಿ ಕೆಲಸ ನಡೆಸುತ್ತದೆ. ಪರಸ್ಪರ ಆಧಾರವಿಲ್ಲದ ಕೆಲಸಗಳನ್ನು ಒಟ್ಟಿಗೆ ನಡೆಸುವ ಸೌಕರ್ಯವೂ ಈಗಿನ ಮೇಕ್‌ನಲ್ಲಿದೆ. ಒಂದು ಆಧಾರವನ್ನು ಬರೆಯಲು ಮರೆತರೆ, ಒಂದಾದ ಮೇಲೊಂದರಂತೆ ನಡೆಸಿದಾಗ ಆ ತಪ್ಪು ಅಡಗಿರಬಹುದು. ಒಟ್ಟಿಗೆ ನಡೆಸಿದಾಗ ಬಯಲಾಗುತ್ತದೆ.

ಎರಡನೆಯದು ಸ್ಥಳಭೇದ. ಡೆಬಿಯನ್ನಿನ ನಿರ್ಮಾಣಯಂತ್ರಗಳಲ್ಲಿ ಪ್ರತಿಯೊಂದು ಪ್ಯಾಕೇಜೂ ತನ್ನದೇ ಆದ ಶುದ್ಧ ಆವರಣದೊಳಗೆ ಸಿದ್ಧವಾಗುತ್ತದೆ. ಅದರ ಕಡತಗಳು ಮೊದಲು ಪ್ರತ್ಯೇಕ ಕೋಶವೊಂದನ್ನು ಸೇರುತ್ತವೆಯೇ ಹೊರತು ನಿಜಸ್ಥಾನವನ್ನಲ್ಲ. 2003ರಲ್ಲಿ ನೆದರ್‌ಲ್ಯಾಂಡ್ಸಿನ ಎಲ್ಕೊ ಡೊಲ್‌ಸ್ಟ್ರಾ ಆರಂಭಿಸಿದ 'ನಿಕ್ಸ್' ಇದನ್ನು ಇನ್ನೂ ಮುಂದಕ್ಕೊಯ್ದು, ಸ್ಥಾಪನೆಯಾದ ಬಳಿಕವೂ ಒಂದೊಂದು ಪ್ಯಾಕೇಜಿಗೆ ಒಂದೊಂದು ಪ್ರತ್ಯೇಕ ಕೋಶವನ್ನು ಕಲ್ಪಿಸಿತು. ಒಂದೇ ತಂತ್ರಾಂಶದ ಎರಡು ಆವೃತ್ತಿಗಳೂ ಅಲ್ಲಿ ಜಗಳವಿಲ್ಲದೆ ನೆಲಸಬಲ್ಲವು.

ಮೂರನೆಯದು ಬೀಗ. ಎಲ್ಲ ಕಾರ್ಯಗಳಿಗೂ ಸಮಾನವಾದ ಸ್ಥಾನವನ್ನು ಭೇದಿಸಲಾಗದು. ಯಾವ ಪ್ಯಾಕೇಜುಗಳು ಸ್ಥಾಪಿತವಾಗಿವೆ ಎಂಬ ದಾಖಲೆ ಒಂದೇ ಇರತಕ್ಕದ್ದು. ಆದ್ದರಿಂದ ಡೆಬಿಯನ್ನಿನ ಸ್ಥಾಪಕ ತಂತ್ರಾಂಶವಾದ 'ಡಿಪಿಕೆಜಿ' ಕೆಲಸಕ್ಕೆ ಮುನ್ನ ಬೀಗವೊಂದನ್ನು ಹಿಡಿಯುತ್ತದೆ. ಆಗ ಬಂದ ಎರಡನೆಯ ಕಾರ್ಯ ಕಾಯಬೇಕು, ಇಲ್ಲವೆ ಹಿಂದಿರುಗಬೇಕು. ಹೊಸ ಕಡತವನ್ನು ಬೇರೆ ಹೆಸರಿನಲ್ಲಿ ಪೂರ್ಣವಾಗಿ ಬರೆದ ಬಳಿಕವೇ ನಿಜನಾಮವನ್ನು ಕೊಡುವುದರಿಂದ ಅರ್ಧ ಬರೆದ ಕಡತ ಯಾರ ಕಣ್ಣಿಗೂ ಬೀಳದು.

ಗಣಕ ಕೊಠಡಿಯ ಅಧ್ಯಾಪಕರು ಮುಖ್ಯವಾಗಿ ಗಮನಿಸಬೇಕಾದುದು ಇದನ್ನೇ. ಯಂತ್ರವು ತಾನಾಗಿ ನವೀಕರಣ ನಡೆಸುತ್ತಿರುವಾಗ ವಿದ್ಯಾರ್ಥಿಯೊಬ್ಬನು ಫಾಂಟನ್ನು ಸ್ಥಾಪಿಸಹೊರಟರೆ ಬೀಗ ಬಿದ್ದಿದೆಯೆಂಬ ಸೂಚನೆ ಬರುತ್ತದೆ. ಆತುರಪಟ್ಟು ಬೀಗದ ಕಡತವನ್ನೇ ಅಳಿಸುವುದು ಅಪಾಯಕರ. ಆ ಕಡತ ಇದ್ದಮಾತ್ರಕ್ಕೆ ಬೀಗವಿದೆಯೆಂದಲ್ಲ. ನಡೆಯುತ್ತಿರುವ ಕಾರ್ಯ ಅದನ್ನು ಹಿಡಿದಿರುವವರೆಗೆ ಮಾತ್ರ ಬೀಗ, ಕಾರ್ಯ ಮುಗಿದೊಡನೆ ಅದು ತಾನಾಗಿ ಸಡಿಲುತ್ತದೆ. ಕಡತವನ್ನು ಅಳಿಸಿದರೆ ಎರಡನೆಯ ಕಾರ್ಯ ಹೊಸ ಬೀಗವನ್ನು ಹಿಡಿದು ಒಳಹೊಗುತ್ತದೆ. ಇಬ್ಬರೂ ಒಂದೇ ದಾಖಲೆಯನ್ನು ತಿದ್ದತೊಡಗುತ್ತಾರೆ. ದಾನಿಗಳು ಪ್ರೀತಿಯಿಂದ ಕೊಟ್ಟ ಯಂತ್ರ ಕೆಲವು ನಿಮಿಷಗಳ ಆತುರಕ್ಕೆ ಕೆಟ್ಟು ಕೂರಬಹುದು.

ನಿರ್ಮಾಣಕ್ಕೆ ಬೇರೆ ಬೇರೆ ಸ್ಥಳ, ಆಧಾರಕ್ಕೆ ತಕ್ಕ ಕ್ರಮ, ಸ್ಥಾಪನೆಗೆ ಒಂದೇ ಕೈ: ಈ ಮೂರನ್ನು ಮಕ್ಕಳಿಗೆ ಮೊದಲೇ ಮನವರಿಕೆ ಮಾಡಿಕೊಟ್ಟರೆ ಕೊಠಡಿಯ ಯಂತ್ರಗಳೆಲ್ಲವೂ ಏಕಕಾಲದಲ್ಲಿ ನಿರಾತಂಕವಾಗಿ ದುಡಿಯುತ್ತವೆ.