ಕೈ ಬಿಗಿಯಾದ ಕಾಲದಲ್ಲಿ ಒಕ್ಕಲು ಮನೆಯ ವೆಚ್ಚ

ಬೇಸಾಯಗಾರನಿಗೆ ಆದಾಯವು ವರ್ಷಕ್ಕೆ ಒಂದೆರಡು ಸಲ ಮಾತ್ರ ಬರತಕ್ಕದ್ದು. ವೆಚ್ಚವಾದರೋ ದಿನದಿನವೂ ಆಗತಕ್ಕದ್ದು. ಬೆಳಗಾವಿ ಮತ್ತು ಖಾನಾಪುರ ತಾಲ್ಲೂಕುಗಳಲ್ಲಿ ಈ ತೊಡಕು ಸ್ಪಷ್ಟವಾಗಿ ಕಂಡುಬರುತ್ತದೆ. ಮಲಪ್ರಭೆಯು ಹುಟ್ಟುವ ಕಣಕುಂಬಿಯ ಕಡೆಯ ಮಳೆಸೀಮೆಯಲ್ಲಿ ಭತ್ತವೇ ಮುಖ್ಯವಾದ ಬೆಳೆ. ಅದು ಮನೆಗೆ ಬರುವುದು ಕಾರ್ತಿಕ ಮಾಸದ ಸುಮಾರಿಗೆ. ಕಬ್ಬಿನ ಹಣವು ಕಾರ್ಖಾನೆಗಳು ಅರೆಯುವುದಕ್ಕೆ ಆರಂಭಿಸಿದ ಮೇಲೆಯೇ ಬರತಕ್ಕದ್ದು. ಮದುವೆ ಜಾತ್ರೆಗಳಾದರೋ ಬಹುಮಟ್ಟಿಗೆ ಮಾಘದಿಂದ ವೈಶಾಖದವರೆಗೆ ನಡೆಯುತ್ತವೆ. ಅವುಗಳ ಬೆನ್ನಿಗೇ ಮುಂಗಾರಿನ ಬಿತ್ತನೆ. ಆದಕಾರಣ ಬೀಜ, ಗೊಬ್ಬರ, ಕೂಲಿಗಳಿಗೆ ಹಣವು ಬೇಕಾದ ಸಮಯದಲ್ಲಿಯೇ ರೈತನ ಕೈ ಬರಿದಾಗಿರುತ್ತದೆ.

ಇದರ ಮೇಲೆ ಕಾಲವೂ ಕೆಡುವುದುಂಟು. 2019ರ ಆಗಸ್ಟಿನಲ್ಲಿ ಬೆಳಗಾವಿ ಜಿಲ್ಲೆಯು ಮಹಾಪೂರವನ್ನು ಕಂಡಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸಾರಲ್ಪಟ್ಟವು. ಮಳೆಯು ರೈತನ ಅಧೀನದಲ್ಲಿಲ್ಲ. ಮಾರುಕಟ್ಟೆಯ ಧಾರಣೆಯೂ ಇಲ್ಲ. ಮನೆಯ ವೆಚ್ಚವೊಂದು ಮಾತ್ರ ಬಹುಮಟ್ಟಿಗೆ ಆತನ ಕೈಯಲ್ಲಿದೆ.

೧. ವೆಚ್ಚವನ್ನು ಅಳೆಯುವ ಬಗೆ

1924ರ ಡಿಸೆಂಬರಿನಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಮಹಾಸಭೆಯು ನೆರೆಯಿತು. ನೆರೆದ ಜನರ ನೀರಿಗಾಗಿ ಟಿಳಕವಾಡಿಯಲ್ಲಿ ನಾಲ್ಕು ಸಾವಿರ ರೂಪಾಯಿಗಳಿಗೆ ಮೇಲ್ಪಟ್ಟು ವೆಚ್ಚಮಾಡಿ ಒಂದು ಬಾವಿಯನ್ನು ತೋಡಿಸಲಾಯಿತು. ಸಭೆಯ ಚಪ್ಪರವು ಸಭೆಯೊಡನೆಯೇ ಹೋಯಿತು. ಬಾವಿಯು ಉಳಿಯಿತು, ಜನರು ಅದನ್ನು ಇಂದಿಗೂ ಕಾಂಗ್ರೆಸ್ ಬಾವಿಯೆಂದೇ ಕರೆಯುತ್ತಾರೆ.

ಒಕ್ಕಲು ಮನೆಯ ವೆಚ್ಚವೂ ಹೀಗೆಯೇ ಎರಡು ತೆರನಾದದ್ದು. ಬಾವಿಯಂತೆ ಉಳಿದು ಮುಂದೆ ಉಪಯೋಗಕ್ಕೆ ಬರುವುದು ಒಂದು. ಚಪ್ಪರದಂತೆ ಒಂದು ದಿನ ಮೆರೆದು ಹೋಗುವುದು ಇನ್ನೊಂದು. ಚಪ್ಪರವೇ ಬೇಡವೆಂದು ಯಾರೂ ಹೇಳಲಾರರು. ಆದರೆ ಸಾಲಮಾಡಿ ಚಪ್ಪರವನ್ನು ಹಾಕಿಸಕೂಡದು.

೨. ಕಡಿಮೆ ಮಾಡಕೂಡದ ವೆಚ್ಚಗಳು

ಹಣದ ಅಭಾವವು ತಲೆದೋರಿದಾಗ ಅನೇಕ ಮನೆಗಳಲ್ಲಿ ಮೊದಲು ಕೈಯಿಕ್ಕುವುದು ತಪ್ಪು ಸ್ಥಳಕ್ಕೆ. ಎಲ್ಲರೂ ಉಂಡ ಮೇಲೆ ಉಣ್ಣತಕ್ಕವಳು ಮನೆಯೊಡತಿ. ಬೇಳೆ, ಹಾಲು, ಎಣ್ಣೆಗಳು ಕಡಿಮೆಯಾದರೆ ಆಕೆಯ ತಟ್ಟೆಯಲ್ಲಿಯೇ ಮೊದಲು ಕಡಿಮೆಯಾಗುತ್ತವೆ. ಆಕೆಯು ಬಸುರಿಯೋ ಬಾಣಂತಿಯೋ ಆಗಿದ್ದರೆ ಆ ಉಳಿತಾಯಕ್ಕೆ ಎರಡು ಜೀವಗಳು ಬೆಲೆ ತೆರಬೇಕಾಗುತ್ತದೆ. ಮಗಳನ್ನು ಶಾಲೆಯಿಂದ ಬಿಡಿಸುವುದು, ಎತ್ತು ಎಮ್ಮೆಗಳ ಹಿಂಡಿಯನ್ನು ನಿಲ್ಲಿಸುವುದು, ಒಳ್ಳೆಯ ಬೀಜದ ಬದಲು ಕಳಪೆ ಬೀಜವನ್ನು ಬಿತ್ತುವುದು, ಕಾಯಿಲೆಯವರನ್ನು ಆಸ್ಪತ್ರೆಗೆ ತಡವಾಗಿ ಒಯ್ಯುವುದು ಇವು ಯಾವುವೂ ಮಿತವ್ಯಯವಲ್ಲ. ಮುಂದಿನ ವರ್ಷದ ನಷ್ಟವನ್ನು ಈ ವರ್ಷವೇ ಕೊಂಡಂತೆ. ಬೆಳೆಯ ವಿಮೆಯೂ ಇದೇ ಗುಂಪಿಗೆ ಸೇರಿದ್ದು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರಧಾನ್ಯ ಮತ್ತು ಎಣ್ಣೆಕಾಳುಗಳಿಗೆ ರೈತನ ಪಾಲಿನ ಕಂತನ್ನು ವಿಮಾ ಮೊತ್ತದ ನೂರಕ್ಕೆ ಎರಡರೊಳಗೆ ಇರಿಸಲಾಯಿತು.

೩. ಚಿಲ್ಲರೆ ವೆಚ್ಚ

ಸಂತೆಗೋ ಕಚೇರಿಗೋ ಹೋದಾಗ ಚಹಾ, ಫಳಾರ, ಎಲೆ ಅಡಿಕೆ, ತಂಬಾಕು, ಗುಟ್ಕಾ ಇವುಗಳಿಗೆ ತೆತ್ತ ಹಣವು ಯಾರ ಲೆಕ್ಕಕ್ಕೂ ಬರುವುದಿಲ್ಲ. ಮನೆಯ ಇಬ್ಬರು ಗಂಡಸರು ದಿನಕ್ಕೆ ತಲಾ ಇಪ್ಪತ್ತು ರೂಪಾಯಿಗಳನ್ನು ಹೀಗೆ ಕಳೆಯುವರೆಂದು ಎಣಿಸೋಣ. ವರ್ಷಕ್ಕೆ ಅದು 14,600 ರೂಪಾಯಿ ಆಗುತ್ತದೆ. 2024–25ರಲ್ಲಿ ಸಾಮಾನ್ಯ ಭತ್ತಕ್ಕೆ ಗೊತ್ತುಪಡಿಸಿದ ಬೆಂಬಲ ಬೆಲೆಯು ಕ್ವಿಂಟಲಿಗೆ 2,300 ರೂಪಾಯಿ. ಆ ಧಾರಣೆಯ ಮೇರೆಗೆ ಆರು ಕ್ವಿಂಟಲಿಗೂ ಮೇಲ್ಪಟ್ಟ ಭತ್ತವು ಅಂಗಡಿಯ ಕಟ್ಟೆಯ ಮೇಲೆಯೇ ತೀರಿಹೋಯಿತು. ತಂಬಾಕಿನಿಂದ ಬರುವ ಬಾಯಿಯ ಹುಣ್ಣು, ಅರ್ಬುದರೋಗಗಳ ಚಿಕಿತ್ಸೆಯ ವೆಚ್ಚವನ್ನು ಇಲ್ಲಿ ಸೇರಿಸಿಲ್ಲ. ಮದ್ಯದ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಅದರ ಲೆಕ್ಕವು ಮನೆಯ ಹೆಂಗಸರಿಗೆ ಚೆನ್ನಾಗಿ ತಿಳಿದಿದೆ.

ಇದಕ್ಕೆ ಉಪಾಯವು ಒಂದು ದಿನಚರಿ ಪುಸ್ತಕ. ಮಲಗುವ ಮುನ್ನ ಆ ದಿನದ ಯಾವತ್ತೂ ವೆಚ್ಚವನ್ನು ಶಾಲೆಗೆ ಹೋಗುವ ಮಗುವಿನ ಕೈಯಿಂದ ಬರೆಯಿಸಬೇಕು. ತಿಂಗಳ ಕೊನೆಗೆ ಮನೆಯವರೆಲ್ಲರೂ, ಹೆಂಗಸರೂ ಸಹ, ಕುಳಿತು ಅದನ್ನು ಓದಬೇಕು. ಬರೆದಿಟ್ಟ ವೆಚ್ಚವು ಅರ್ಧದಷ್ಟು ತಾನಾಗಿಯೇ ನಾಚಿಕೊಳ್ಳುತ್ತದೆ.

೪. ದೊಡ್ಡ ವೆಚ್ಚ ಮತ್ತು ಅದರ ಬಡ್ಡಿ

ಚಿಲ್ಲರೆ ವೆಚ್ಚದಿಂದ ಮನೆ ಬಡವಾಗುತ್ತದೆ. ಆದರೆ ಹೊಲವು ಕೈಬಿಟ್ಟು ಹೋಗುವುದು ಸಾಮಾನ್ಯವಾಗಿ ಮದುವೆ ಜಾತ್ರೆಗಳ ಸಾಲದಿಂದ. ಈ ಪ್ರಾಂತದ ಹಲವು ಊರುಗಳಲ್ಲಿ ಗ್ರಾಮದೇವತೆಯ ಜಾತ್ರೆಯು ಕೆಲವು ವರ್ಷಗಳಿಗೊಮ್ಮೆ ಬರುತ್ತದೆ. ಆಗ ಮನೆಗೆ ಸುಣ್ಣಬಣ್ಣ, ಎಲ್ಲರಿಗೂ ಹೊಸ ಬಟ್ಟೆ, ದಿನಗಟ್ಟಲೆ ಬೀಗರ ಊಟ. ಮದುವೆಗಾದರೆ ಶಹಾಪುರದ ಸೀರೆಗಳು, ಬಂಗಾರ, ಬಾಜಾಬಜಂತ್ರಿ, ಸಾವಿರಾರು ಜನರ ಪಂಕ್ತಿ. ಇವೆಲ್ಲಕ್ಕೂ ಮಿಗಿಲಾದದ್ದು ಆಹೇರಿ: ಬಂದವರಿಗೆಲ್ಲ ಟವೆಲು, ಟೋಪಿ, ರವಿಕೆಕಣ. ಇವುಗಳಲ್ಲಿ ಉಡುವುದಕ್ಕೆ ಬರುವುವು ಕಡಿಮೆ. ಪೆಟ್ಟಿಗೆಯಲ್ಲಿ ಕುಳಿತಿದ್ದು ಮುಂದಿನ ಮದುವೆಯಲ್ಲಿ ಇನ್ನೊಬ್ಬರ ಕೈಗೆ ಹೋಗುತ್ತವೆ.

ಇಂಥ ಸಂದರ್ಭದಲ್ಲಿ ಒಬ್ಬನು ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ ಒಂದು ಲಕ್ಷ ರೂಪಾಯಿ ಕೈಸಾಲ ತೆಗೆದನೆಂದು ಇಟ್ಟುಕೊಳ್ಳೋಣ. ಬಡ್ಡಿಯು ತಿಂಗಳಿಗೆ 3,000, ವರ್ಷಕ್ಕೆ 36,000 ರೂಪಾಯಿ. ಮೇಲೆ ಹೇಳಿದ ಧಾರಣೆಯಲ್ಲಿ ಇದು ಹದಿನೈದೂವರೆ ಕ್ವಿಂಟಲಿಗೂ ಹೆಚ್ಚಿನ ಭತ್ತ. ಸಾಧಾರಣ ಗದ್ದೆಯ ಒಂದೆಕರೆ ಬೆಳೆಯು ಬಹುತೇಕ ಇದಕ್ಕೇ ಸಲ್ಲುತ್ತದೆ. ಮೂರು ವರ್ಷಗಳಲ್ಲಿ ತೆತ್ತ ಬಡ್ಡಿಯು 1,08,000 ರೂಪಾಯಿಗಳಾಗಿ ಅಸಲನ್ನು ಮೀರುತ್ತದೆ; ಅಸಲಾದರೋ ಹಾಗೆಯೇ ನಿಂತಿರುತ್ತದೆ. ಮದುವೆಯಾದ ಮಗಳಿಗೆ ಮಕ್ಕಳಾದರೂ ಮದುವೆಯ ಬಡ್ಡಿಯು ತೀರದಿರುವುದು ಹೀಗೆ.

ಸಹಕಾರ ಸಂಘದಿಂದ ಕಡಿಮೆ ಬಡ್ಡಿಗೆ ದೊರೆತ ಬೆಳೆಸಾಲವನ್ನು ಇಂಥ ವೆಚ್ಚಕ್ಕೆ ತಿರುಗಿಸುವುದು ಇನ್ನೂ ದೊಡ್ಡ ತಪ್ಪು. ಬೆಳೆಗೆ ಹಾಕದ ಹಣವು ಬೆಳೆಯಿಂದ ಹಿಂದಿರುಗಲಾರದು. ಸಾಲವು ಬಾಕಿಯಾದೊಡನೆ ಆ ಸೌಲಭ್ಯವೂ ತಪ್ಪಿಹೋಗುತ್ತದೆ. ವರದಕ್ಷಿಣೆಯನ್ನು ಕೊಡುವುದೂ ಕೊಳ್ಳುವುದೂ 1961ರ ಶಾಸನದ ಮೇರೆಗೆ ಅಪರಾಧಗಳೆಂಬುದನ್ನು ಎರಡು ಕಡೆಯ ಬೀಗರೂ ನೆನಪಿನಲ್ಲಿಡತಕ್ಕದ್ದು. ಈಗಾಗಲೇ ಕಿರುಸಾಲದ ಕಂತುಗಳಿಂದ ನೊಂದವರು ಒಂದು ಸಾಲವನ್ನು ತೀರಿಸಲು ಇನ್ನೊಂದನ್ನು ತೆಗೆಯಕೂಡದು. ಇಂಥ ಸಾಲಗಳ ವಸೂಲಿಯಲ್ಲಿ ಬಲವಂತವನ್ನು ತಡೆಯುವುದಕ್ಕಾಗಿ ಕರ್ನಾಟಕ ಸರ್ಕಾರವು 2025ರಲ್ಲಿ ಸುಗ್ರೀವಾಜ್ಞೆಯನ್ನು ಹೊರಡಿಸಿತು.

೫. ಊರ ಹಿರಿಯರ ಕರ್ತವ್ಯ

ಸಾಲಮಾಡಿ ಮೆರೆಯುವುದು ತಪ್ಪೆಂದು ರೈತನಿಗೆ ತಿಳಿಯದೆ ಇಲ್ಲ. ಆದರೆ ನೆರೆಮನೆಯಲ್ಲಿ ಐನೂರು ಎಲೆ ಹಾಕಿದ ಮೇಲೆ ತನ್ನ ಮನೆಯಲ್ಲಿ ನೂರು ಎಲೆ ಹಾಕುವ ಧೈರ್ಯವು ಬಡವನಿಗೆ ಬರುವುದಿಲ್ಲ. "ಕೈಲಾಗದೆ ಹೀಗೆ ಮಾಡಿದ" ಎಂಬ ಮಾತಿಗೆ ಆತನು ಬಡ್ಡಿಗಿಂತಲೂ ಹೆಚ್ಚಾಗಿ ಹೆದರುತ್ತಾನೆ. ಆದಕಾರಣ ಮಿತವ್ಯಯವು ಉಳ್ಳವರ ಮನೆಯಿಂದಲೇ ಆರಂಭವಾಗತಕ್ಕದ್ದು. ಊರಿನ ಗೌಡರು ತಮ್ಮ ಮಗನ ಮದುವೆಯಲ್ಲಿ ಆಹೇರಿಯನ್ನು ನಿಲ್ಲಿಸಿದರೆ, ಮರುವರ್ಷ ಹತ್ತು ಬಡವರು ಅದನ್ನು ತಲೆಯೆತ್ತಿಕೊಂಡು ನಿಲ್ಲಿಸಬಲ್ಲರು.

ಹಿರಿಯನೊಬ್ಬನು ಮುಂದಾದರೆ ಏನಾಗಬಹುದೆಂಬುದಕ್ಕೆ ದೃಷ್ಟಾಂತವು ದೂರದಲ್ಲಿಲ್ಲ. ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಊರವರನ್ನು ಕೂಡಿಸಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು; ದೇಶದ ಸಹಕಾರ ಚಳವಳಿಯ ಇತಿಹಾಸದಲ್ಲಿ ಅದಕ್ಕೆ ಮೊದಲ ಸ್ಥಾನವಿದೆ. ಮದುವೆಯ ವಿಷಯದಲ್ಲಿ ಧರ್ಮಸ್ಥಳದ ಶ್ರೀ ವೀರೇಂದ್ರ ಹೆಗ್ಗಡೆಯವರು 1972ರಲ್ಲಿ ಉಚಿತ ಸಾಮೂಹಿಕ ವಿವಾಹಗಳನ್ನು ಆರಂಭಿಸಿದರು. ಸಾವಿರಾರು ಜೋಡಿಗಳು ದೇವರ ಸನ್ನಿಧಿಯಲ್ಲಿ ಸಾಲವಿಲ್ಲದೆ ಸಂಸಾರಕ್ಕೆ ಕಾಲಿಟ್ಟಿವೆ. ಅಲ್ಲಿ ಮದುವೆಯಾದವರನ್ನು ಕೈಲಾಗದವರೆಂದು ಯಾರೂ ಹಳಿಯುವುದಿಲ್ಲ.

೬. ಸಾರಾಂಶ

ಊರ ಹಿರಿಯರು ಬಿತ್ತನೆಗೆ ಮೊದಲೇ ಸಭೆಸೇರಿ ಈ ಕೆಳಗಿನ ಸಂಗತಿಗಳನ್ನು ಆಲೋಚಿಸುವುದು ಉತ್ತಮ.

(ಅ) ಸುಗ್ಗಿಯ ಹಣವು ಬಂದ ದಿನವೇ ಮುಂದಿನ ಮುಂಗಾರಿನ ಬೀಜ, ಗೊಬ್ಬರ, ಕೂಲಿಗಳ ಹಣವನ್ನು ಸಂಘದಲ್ಲಿಯೋ ಬ್ಯಾಂಕಿನಲ್ಲಿಯೋ ಬೇರೆಯಾಗಿ ಇರಿಸುವುದು.

(ಆ) ಮದುವೆ, ಸೀಮಂತ, ಗೃಹಪ್ರವೇಶಗಳಲ್ಲಿ ಆಹೇರಿಯ ಬಟ್ಟೆಯನ್ನು ಊರೆಲ್ಲರೂ ಒಟ್ಟಿಗೆ ಬಿಡುವುದು.

(ಇ) ಬೆಳೆ ಕೆಟ್ಟ ವರ್ಷದಲ್ಲಿ ಜಾತ್ರೆಯ ಪೂಜೆಯನ್ನು ಕ್ರಮದಂತೆ ನಡೆಸಿ, ಮನೆಮನೆಯ ಔತಣವನ್ನು ಒಂದೇ ದಿನಕ್ಕೆ ಇಳಿಸುವುದು. ವರಿ ಎತ್ತುವಾಗ ಬಡವರ ಮನೆಗಳನ್ನು ಬಿಡುವುದು.

(ಈ) ಹಲವು ಮನೆಗಳ ಮದುವೆಗಳನ್ನು ಕೂಡಿಸಿ ಒಂದೇ ಚಪ್ಪರದಲ್ಲಿ ನೆರವೇರಿಸುವುದು.

(ಉ) ಪ್ರತಿಯೊಂದು ಮನೆಯಲ್ಲಿಯೂ ವೆಚ್ಚದ ಪುಸ್ತಕವನ್ನಿಡುವುದು.

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬುದು ಹಳೆಯ ಗಾದೆ. ಒಬ್ಬನೇ ಕಾಲು ಮಡಿಸಿದರೆ ಜನರು ನಗಬಹುದು. ಊರೆಲ್ಲವೂ ಮಡಿಸಿದರೆ ಅದೇ ಊರಿನ ರೂಢಿಯಾಗುತ್ತದೆ. ಆ ರೂಢಿಯಿಂದ ಉಳಿಯತಕ್ಕದ್ದು ಬರಿಯ ಹಣವಲ್ಲ, ತಂದೆಯಿಂದ ಬಂದ ಹೊಲವು ಮಗನ ಕೈಗೆ ಸೇರುವುದು.