ಮುಟ್ಟದೆ ಸಲ್ಲುವ ಹಣ

ಲಂಡನ್ನಿನ ಅಂಗಡಿಯೊಂದರಲ್ಲಿ ಗ್ರಾಹಕನು ತನ್ನ ಫೋನನ್ನು ಚಿಕ್ಕದೊಂದು ಯಂತ್ರದ ಸಮೀಪಕ್ಕೆ ಹಿಡಿಯುತ್ತಾನೆ, ಹಣ ಸಂದಾಯವಾಗುತ್ತದೆ. ಇದು ಹೇಗೆ ಸಾಧ್ಯ?

ಯಂತ್ರದೊಳಗಿನ ತಂತಿಯ ಸುರುಳಿಯಲ್ಲಿ ಸೆಕೆಂಡಿಗೆ 1,35,60,000 ಆವರ್ತಗಳ ವಿದ್ಯುತ್ತು ಹರಿದು, ಸುತ್ತಲೂ ಕಾಂತಕ್ಷೇತ್ರವನ್ನುಂಟುಮಾಡುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ತತ್ತ್ವದಂತೆ, ಬದಲಾಗುತ್ತಿರುವ ಈ ಕ್ಷೇತ್ರವು ಸಮೀಪದ ಇನ್ನೊಂದು ಸುರುಳಿಯಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆ. ಬ್ಯಾಟರಿಯಿಲ್ಲದ ಕಾರ್ಡು ಕೂಡ ಕೆಲಸಮಾಡುವುದು ಈ ಬಲದಿಂದಲೇ. ಕೆಲವು ಸೆಂಟಿಮೀಟರುಗಳಾಚೆ ಕ್ಷೇತ್ರವು ಕ್ಷೀಣಿಸುವುದರಿಂದ ಫೋನನ್ನು ಹತ್ತಿರ ಹಿಡಿಯುವುದು ಅವಶ್ಯ.

ಹೀಗೆ ಸಾಗುವ ಸಂಖ್ಯೆಯನ್ನು ಕಳ್ಳನು ಅಪಹರಿಸಿದರೆ ಗತಿಯೇನು? ಅಮೆರಿಕದಲ್ಲಿ 2014ರಲ್ಲಿಯೂ ಬ್ರಿಟನ್ನಿನಲ್ಲಿ 2015ರಲ್ಲಿಯೂ ಆರಂಭವಾದ ಆಪಲ್ ಪೇ ಪದ್ಧತಿಯನ್ನೇ ನೋಡೋಣ. ಇಲ್ಲಿ ಫೋನು ಕಾರ್ಡಿನ ನಿಜವಾದ ಸಂಖ್ಯೆಯನ್ನು ಅಂಗಡಿಗೆ ಕೊಡುವುದೇ ಇಲ್ಲ. ಅದಕ್ಕೆ ಬದಲಾಗಿ ಬೇರೊಂದು ಸಂಖ್ಯೆಯನ್ನೂ, ಆ ಒಂದು ವ್ಯವಹಾರಕ್ಕೆ ಮಾತ್ರ ಸಲ್ಲುವ ಗೂಢಾಂಕವನ್ನೂ ಕಳುಹಿಸುತ್ತದೆ. ಹಣ ಸಂದ ಹುಂಡಿಯಂತೆ, ಒಮ್ಮೆ ಬಳಸಿದ ಗೂಢಾಂಕವು ಮತ್ತೆ ಸಲ್ಲದು.

ಇಎಂವಿ ಎಂಬ ಸಮಾನ ನಿಯಮಾವಳಿಯನ್ನು ಅನೇಕ ದೇಶಗಳ ಬ್ಯಾಂಕುಗಳು ಅಂಗೀಕರಿಸಿವೆ. ಆದುದರಿಂದಲೇ ಒಂದು ನಾಡಿನ ಕಾರ್ಡನ್ನು ಮತ್ತೊಂದು ನಾಡಿನ ಯಂತ್ರವು ಗುರುತಿಸಬಲ್ಲದು. ನಂಬಿಕೆಯು ಗಡಿಯನ್ನು ದಾಟಬೇಕಾದರೆ ಮೊದಲು ನಿಯಮವು ದಾಟಬೇಕು.