ವಿಶಾಖದ ಏರು, ವಿಜಯವಾಡದ ಬಿಸಿಲು: ಹಗುರ ಇ-ಬೈಕ್ ಕಟ್ಟುವ ಬಗೆ

ವಿಶಾಖಪಟ್ಟಣದ ಕೈಲಾಸಗಿರಿ ಕಡಲಿನ ಮಗ್ಗುಲಲ್ಲೇ ಸುಮಾರು 170 ಮೀಟರ್ ಎತ್ತರಕ್ಕೆ ಎದ್ದು ನಿಂತ ಗುಡ್ಡ. ವಿಜಯವಾಡದ ಪ್ರಕಾಶಂ ಬ್ಯಾರೇಜಿನ ಮೇಲಿನ ರಸ್ತೆಯೋ ಕೃಷ್ಣೆಗೆ ಅಡ್ಡಲಾಗಿ ಮಟ್ಟಸವಾಗಿ ಮಲಗಿದೆ. ಈ ಎರಡೂ ಊರಿಗೆ ಒಂದೇ ಬಗೆಯ ಇ-ಬೈಕ್ ಕಟ್ಟಿದರೆ ಅದು ಒಂದೂರಿನಲ್ಲಿ ಏದುಸಿರು ಬಿಡುತ್ತದೆ, ಇನ್ನೊಂದೂರಿನಲ್ಲಿ ಬೆಂದುಹೋಗುತ್ತದೆ. ನಮ್ಮ ಕರ್ನಾಟಕದವರು ಈ ಬಗೆಯನ್ನು ತಮ್ಮ ಊರಿಗೆ ಹೊಂದಿಸಿಕೊಳ್ಳುವುದು ಕಷ್ಟವಲ್ಲ. ಮಂಗಳೂರು, ಕಾರವಾರದವರು ವಿಶಾಖದ ಲೆಕ್ಕ ಹಿಡಿಯಲಿ. ಅದೇ ಕೃಷ್ಣೆಯ ಮೇಲ್ಭಾಗದಲ್ಲಿರುವ ರಾಯಚೂರಿನವರು ವಿಜಯವಾಡದ್ದನ್ನು.

ಮೊದಲು ಲೆಕ್ಕ, ಆಮೇಲೆ ಸ್ಪ್ಯಾನರ್

ಸವಾರ 65 ಕೆ.ಜಿ., ಬೈಕು 25 ಕೆ.ಜಿ., ಒಟ್ಟು 90 ಎಂದಿಟ್ಟುಕೊಳ್ಳಿ. ನೂರು ಮೀಟರಿಗೆ ಐದು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 15 ಕಿ.ಮೀ. ವೇಗದಲ್ಲಿ ಹತ್ತಲು ಚಕ್ರಕ್ಕೆ ಸುಮಾರು 240 ವ್ಯಾಟ್ ಬೇಕು. ಅದರಲ್ಲಿ 185ರಷ್ಟು ಭಾರ ಎತ್ತುವುದಕ್ಕೇ ಹೋಗುತ್ತದೆ. ಒಟ್ಟು ತೂಕ 120 ಕೆ.ಜಿ. ಆದರೆ 310 ವ್ಯಾಟ್. ಏರಿನಲ್ಲಿ ಪ್ರತಿ ಕಿಲೋವೂ ಲೆಕ್ಕಕ್ಕೆ ಬರುತ್ತದೆ.

ಸಮತಟ್ಟಿನಲ್ಲಿ ಕಥೆಯೇ ಬೇರೆ. ಅಲ್ಲಿ ಎದುರಾಳಿ ಗಾಳಿ. ಅದೇ 90 ಕೆ.ಜಿ.ಗೆ ಗಂಟೆಗೆ 25 ಕಿ.ಮೀ. ವೇಗದಲ್ಲಿ 170 ವ್ಯಾಟ್ ಸಾಕು; 45ಕ್ಕೆ ಏರಿಸಿದರೆ ಸುಮಾರು 800 ಬೇಕು. ವೇಗ ಎರಡು ಪಟ್ಟಾದರೆ ಗಾಳಿ ಕೇಳುವ ಶಕ್ತಿ ಎಂಟು ಪಟ್ಟಾಗುತ್ತದೆ. ಹಾಗಾಗಿ ವಿಶಾಖದಲ್ಲಿ ತೂಕ ಇಳಿಸಿ, ವಿಜಯವಾಡದಲ್ಲಿ ಬೆನ್ನು ಬಾಗಿಸಿ. ಹ್ಯಾಂಡಲ್ಲನ್ನು ನಾಲ್ಕು ಬೆರಳು ತಗ್ಗಿಸುವುದಕ್ಕೆ ಖರ್ಚೇ ಇಲ್ಲ.

ಕಾನೂನಿನ ಗೆರೆ

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟರಿನ ಮೂವತ್ತು ನಿಮಿಷದ ಶಕ್ತಿ 0.25 ಕಿಲೋವ್ಯಾಟ್‌ಗಿಂತ ಕಡಿಮೆಯಿದ್ದು, ವೇಗ 25 ಕಿ.ಮೀ. ಒಳಗಿದ್ದರೆ ಅದು ಮೋಟಾರು ವಾಹನ ಅನ್ನಿಸಿಕೊಳ್ಳುವುದಿಲ್ಲ. ಆದರೆ ಈ ಷರತ್ತುಗಳನ್ನು ಅಧಿಕೃತ ಪರೀಕ್ಷಾ ಸಂಸ್ಥೆಯೊಂದು ದೃಢಪಡಿಸಿರಬೇಕು ಎಂಬ ಮಾತೂ ಅದೇ ನಿಯಮದಲ್ಲಿದೆ. ಈ ಸಾಲನ್ನು ಬಹಳ ಜನ ಓದುವುದೇ ಇಲ್ಲ. ಮನೆಯಲ್ಲಿ ಕಟ್ಟಿದ ಬೈಕಿಗೆ ಅಂಥ ಪ್ರಮಾಣಪತ್ರ ಇರುವುದಿಲ್ಲವಾದ್ದರಿಂದ ಅದರ ಜಾಗ ಕಾಲೇಜಿನ ಮೈದಾನ, ಕಾರ್ಖಾನೆಯ ಆವರಣ, ಮುಚ್ಚಿದ ಟ್ರ್ಯಾಕ್. ಅಲ್ಲಿಗೆ ಟೆಂಪೋದಲ್ಲಿ ಹಾಕಿಕೊಂಡು ಹೋಗಿ.

ಚೌಕಟ್ಟು ಮತ್ತು ಬ್ರೇಕು

ಹಳೆಯದಾದರೂ ನೇರವಾಗಿರುವ, ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇರುವ ಗೇರ್ ಸೈಕಲ್ ಹುಡುಕಿ. ಫ್ರೇಮು ಉಕ್ಕಿನದಾದರೆ ಒಳ್ಳೆಯದು. ಮುರಿಯುವ ಮುನ್ನ ಸಾಮಾನ್ಯವಾಗಿ ಬಾಗಿ ಸೂಚನೆ ಕೊಡುತ್ತದೆ, ಬೆಸುಗೆಯೂ ಸುಲಭ. ಬೆಸುಗೆ ಹಾಕಿದ ಕೀಲುಗಳ ಸುತ್ತ ಬಣ್ಣ ಕೆರೆದು ಬಿರುಕಿದೆಯೇ ನೋಡಿ. ವೇಗ 25ರಿಂದ 45ಕ್ಕೆ ಹೋದರೆ ಬ್ರೇಕು ನುಂಗಬೇಕಾದ ಶಕ್ತಿ ಮೂರು ಪಟ್ಟಿಗೂ ಹೆಚ್ಚು. ಅದಕ್ಕೇ ಮೋಟರ್ ಕೊಳ್ಳುವ ಮೊದಲು ಹೊಸ ಬ್ರೇಕ್ ಪ್ಯಾಡ್, ಹೊಸ ಕೇಬಲ್ ಹಾಕಿಸಿ. ಬ್ರೇಕ್ ಹಿಡಿದ ಕೂಡಲೇ ಮೋಟರ್ ನಿಲ್ಲಿಸುವ ಕಟ್-ಆಫ್ ಲಿವರ್ ಇಲ್ಲದ ಬೈಕನ್ನು ನಾನು ಯಾರಿಗೂ ಹತ್ತಲು ಬಿಡುವುದಿಲ್ಲ.

ಮೋಟರ್

ಮಟ್ಟಸ ಊರಿಗೆ ಚಕ್ರದ ನಡುವೆ ಕೂರುವ, ಗೇರ್ ಇರುವ ಹಬ್ ಮೋಟರ್ ಸಾಕು. 250 ವ್ಯಾಟಿನದು ಸುಮಾರು ಮೂರು ಕೆ.ಜಿ. ತೂಗುತ್ತದೆ. ಏರಿನಲ್ಲಿ ಅದರ ಚಕ್ರ ನಿಧಾನವಾದಷ್ಟೂ ಬ್ಯಾಟರಿಯ ಶಕ್ತಿ ಓಟವಾಗುವುದಕ್ಕಿಂತ ಹೆಚ್ಚಾಗಿ ಬಿಸಿಯಾಗಿ ಹೋಗುತ್ತದೆ, ಒಳಗಿನ ತಂತಿಯ ಸುತ್ತು ಕರಕಲಾಗುತ್ತದೆ. ಸಿಂಹಾಚಲದ ಘಾಟಿಯಂಥ ಏರಿಗೆ ಪೆಡಲಿನ ಜಾಗದಲ್ಲಿ ಕೂತು ಚೈನಿನ ಮೂಲಕ ಎಳೆಯುವ ಮಿಡ್-ಡ್ರೈವ್ ಮೋಟರೇ ಸರಿ. ಸೈಕಲ್ಲಿನ ಗೇರು ಮೋಟರಿಗೂ ಒದಗುತ್ತದೆ. ಚೈನು ಬೇಗ ಸವೆಯುತ್ತದೆ, ಅದನ್ನು ಒಪ್ಪಿಕೊಳ್ಳಬೇಕು.

ಹಬ್ ಮೋಟರ್ ಹಾಕಿದರೆ ಟಾರ್ಕ್ ಆರ್ಮ್ ಮರೆಯಬೇಡಿ. ಮೋಟರ್ ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ ತನ್ನ ಅಚ್ಚನ್ನು ಹಿಂದಕ್ಕೆ ತಿರುಚುತ್ತದೆ. ಬರೀ ನಟ್ಟಿನ ಬಿಗಿ ನಂಬಿದರೆ ಒಂದು ದಿನ ಅಚ್ಚು ಗಿರ್ರನೆ ತಿರುಗಿ, ವೈರು ಹರಿದು, ಚಕ್ರವೇ ಕಳಚಿ ಬೀಳುತ್ತದೆ. ಐದು ಮಿ.ಮೀ. ದಪ್ಪದ ಉಕ್ಕಿನ ತಟ್ಟೆಯಲ್ಲಿ ಅಚ್ಚಿನ ಚಪ್ಪಟೆ ಬದಿಗೆ ಸರಿಯಾಗಿ ಕೂರುವ ತೂತು ಮಾಡಿಸಿ, ಇನ್ನೊಂದು ತುದಿಯನ್ನು ಫ್ರೇಮಿಗೆ ಬಿಗಿಯಿರಿ. ವಿಜಯವಾಡದ ಆಟೋನಗರದಲ್ಲಿ, ವಿಶಾಖದ ಗಾಜುವಾಕ ಬಳಿಯ ಆಟೋನಗರದಲ್ಲಿ ಲೇತ್ ಇಟ್ಟವರಿಗೆ ಇದು ಅರ್ಧ ಗಂಟೆಯ ಕೆಲಸ. ಅಚ್ಚನ್ನೇ ಕೈಗೆ ಕೊಟ್ಟು ಅಳತೆ ತೆಗೆಸಿ. ತೂತು ಕೂದಲೆಳೆಯಷ್ಟು ಸಡಿಲವಾದರೂ ದಿನ ಕಳೆದಂತೆ ಅಗಲವಾಗುತ್ತ ಹೋಗುತ್ತದೆ.

ಬ್ಯಾಟರಿ: ಅವಸರ ಸಲ್ಲದ ಜಾಗ

2022ರ ಏಪ್ರಿಲ್‌ನಲ್ಲಿ ವಿಜಯವಾಡದ ಸೂರ್ಯರಾವ್‌ಪೇಟೆಯ ಮನೆಯೊಂದರಲ್ಲಿ ಮಲಗುವ ಕೋಣೆಯಲ್ಲಿ ಚಾರ್ಜಿಗೆ ಇಟ್ಟಿದ್ದ ಸ್ಕೂಟರ್ ಬ್ಯಾಟರಿ ನಸುಕಿನಲ್ಲಿ ಸ್ಫೋಟಿಸಿ ಮನೆಯ ಯಜಮಾನರು ಸತ್ತರು, ಪತ್ನಿಗೆ ತೀವ್ರ ಸುಟ್ಟ ಗಾಯಗಳಾದವು. ಅದು ಅಂಗಡಿಯಲ್ಲಿ ಕೊಂಡ ವಾಹನ. ಆ ಬೇಸಿಗೆಯ ಇಂಥ ಸಾಲು ಅವಘಡಗಳ ನಂತರ ಕೇಂದ್ರ ಸರ್ಕಾರ ಎಐಎಸ್-156 ಎಂಬ ಬ್ಯಾಟರಿ ಸುರಕ್ಷತಾ ಮಾನದಂಡವನ್ನು ಬಿಗಿಗೊಳಿಸಿ, 2022ರ ಡಿಸೆಂಬರ್‌ನಿಂದ ಹಂತಹಂತವಾಗಿ ಜಾರಿಗೆ ತಂದಿತು. ನಿಮ್ಮ ಮನೆಯ ಬ್ಯಾಟರಿಗೆ ಆ ಪರೀಕ್ಷೆಗಳು ಯಾವುವೂ ಆಗಿರುವುದಿಲ್ಲ ಎಂಬುದು ನೆನಪಿರಲಿ.

ಮೊದಲ ಬೈಕಿಗೆ ಸೆಲ್ ಜೋಡಿಸುವ ಸಾಹಸ ಬೇಡ. ಸಿದ್ಧ ಪ್ಯಾಕ್ ಕೊಳ್ಳಿ. ಕೊಳ್ಳುವಾಗ ಕೇಳಲು ಒಳಗಿನ ರಚನೆ ತಿಳಿದಿರಬೇಕು. 36 ವೋಲ್ಟ್, 10 ಆಂಪಿಯರ್-ಅವರ್ ಪ್ಯಾಕಿನಲ್ಲಿ ಸಾಮಾನ್ಯವಾಗಿ 18650 ಅಳತೆಯ 40 ಸೆಲ್‌ಗಳಿರುತ್ತವೆ: ಸರಣಿಯಲ್ಲಿ ಹತ್ತು, ಸಮಾಂತರವಾಗಿ ನಾಲ್ಕು. ಸೆಲ್‌ಗಳ ತೂಕವೇ ಎರಡು ಕೆ.ಜಿ. ಹತ್ತಿರ. ತುಂಬಿದಾಗ 42 ವೋಲ್ಟ್ ತೋರಬೇಕು. ಸೆಲ್‌ಗಳು ಹೊಸವೇ, ಒಂದೇ ತಯಾರಿಯವೇ, ನಿಕ್ಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡ್ ಮಾಡಿದ್ದಾರೆಯೇ, ಸೆಲ್‌ಗಳನ್ನು ಕಾಯುವ ಬಿಎಂಎಸ್ (ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್) ಇದೆಯೇ ಕೇಳಿ. ಹಳೆ ಲ್ಯಾಪ್‌ಟಾಪಿನಿಂದ ಬಿಚ್ಚಿದ ಸೆಲ್‌ಗಳನ್ನು ಯಾರು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ಬ್ಯಾಟರಿಯ ಧನ ತುದಿಯಿಂದ ಗೇಣಿನ ಒಳಗೇ ಫ್ಯೂಸ್ ಹಾಕಿ. ಮೋಟರಿಗೆ ಕರೆಂಟು ಹರಿಸುವ ಕಂಟ್ರೋಲರ್ 15 ಆಂಪಿಯರಿನದಾದರೆ ಫ್ಯೂಸ್ 20 ಆಂಪಿಯರಿನದು. ಬ್ಯಾಟರಿ ಫ್ರೇಮಿನ ತ್ರಿಕೋನದ ನಡುವೆ, ಆದಷ್ಟು ಕೆಳಗೆ ಕೂರಲಿ. ಹಿಂದಿನ ಕ್ಯಾರಿಯರ್ ಮೇಲೆ ಕಟ್ಟಿದರೆ ತಿರುವಿನಲ್ಲಿ ಬೈಕು ಬಾಲ ಅಲ್ಲಾಡಿಸುತ್ತದೆ.

ವಿಜಯವಾಡದ ಬೇಸಿಗೆ 45 ಡಿಗ್ರಿ ಮುಟ್ಟುವುದುಂಟು. ಹೆಚ್ಚಿನ ಲಿಥಿಯಂ-ಅಯಾನ್ ಸೆಲ್‌ಗಳನ್ನು ಚಾರ್ಜ್ ಮಾಡಬಹುದಾದ ಗರಿಷ್ಠ ಉಷ್ಣತೆಯೂ 45 ಡಿಗ್ರಿಯೇ! ಆದ್ದರಿಂದ ಅಲ್ಲಿ ಚಾರ್ಜಿಂಗ್ ಬೆಳಗಿನ ಜಾವ ಎಚ್ಚರವಿದ್ದಾಗ, ಕಲ್ಲಿನ ಅಥವಾ ಸಿಮೆಂಟಿನ ನೆಲದ ಮೇಲೆ, ಬಾಗಿಲಿನಿಂದಾಚೆ ಆಗಬೇಕು. ನನ್ನ ಮಾತು ಕೇಳುವುದಾದರೆ ಅಲ್ಲಿಗೆ ಲಿಥಿಯಂ ಐರನ್ ಫಾಸ್ಫೇಟ್ ಪ್ಯಾಕ್ ಹಾಕಿ. ತೂಕ ಹೆಚ್ಚು, ಆದರೆ ಬಿಸಿ ತಾಳುತ್ತದೆ. ಸಮತಟ್ಟಿನಲ್ಲಿ ಒಂದೆರಡು ಕಿಲೋ ಹೆಚ್ಚಾದರೆ ನಷ್ಟವಿಲ್ಲವೆಂದು ಆಗಲೇ ಲೆಕ್ಕ ಹಾಕಿದ್ದೇವೆ.

ವಿಶಾಖದಲ್ಲಿ ಶತ್ರು ಉಪ್ಪುಗಾಳಿ. ಆರ್.ಕೆ. ಬೀಚಿನ ಬದಿ ಇಟ್ಟ ಬೈಕಿನ ಕನೆಕ್ಟರುಗಳಲ್ಲಿ ಹಸಿರು ಕಿಲುಬು ಕಟ್ಟುತ್ತದೆ. ಕಿಲುಬಿದ ಜಾಗ ಬಿಸಿಯಾಗುತ್ತದೆ, ಬಿಸಿಯಾದ ಜಾಗ ಕರಗುತ್ತದೆ. ಸ್ಟೇನ್‌ಲೆಸ್ ಬೋಲ್ಟು, ಕನೆಕ್ಟರಿಗೆ ಸಿಲಿಕೋನ್ ಗ್ರೀಸ್, ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸುವುದು ಇಷ್ಟು ಸಾಕು. ನೀರಿನ ಪೈಪು ಹಿಡಿದು ರಭಸದಿಂದ ತೊಳೆಯಬೇಡಿ.

ಓಟ

ರಸ್ತೆಯಲ್ಲಿ ರೇಸು ಬೇಡವೇ ಬೇಡ. ಅನುಮತಿಯಿಲ್ಲದೆ ಸಾರ್ವಜನಿಕ ಜಾಗದಲ್ಲಿ ಮೋಟಾರು ವಾಹನದ ರೇಸ್ ನಡೆಸಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಬೀಚ್ ರೋಡಿನಲ್ಲಿ ಅಡ್ಡ ಬರುವ ಮಗುವಿನ ಮುಂದೆ ಈ ದಂಡವೂ ದೊಡ್ಡದಲ್ಲ.

ಮನೆಯ ಪ್ರಯೋಗ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಒಂದು ಮಾತು ಹೇಳಲೇಬೇಕು. ಸೆಡ್ರಿಕ್ ಲಿಂಚ್ ಎಂಬ ಬ್ರಿಟಿಷ್ ಕುಶಲಕರ್ಮಿ ತಮ್ಮ ಮೊದಲ ಮೋಟರುಗಳಲ್ಲೊಂದನ್ನು ಸೂಪಿನ ಡಬ್ಬದ ತಗಡು ಚಪ್ಪಟೆ ಮಾಡಿ ಕಟ್ಟಿದವರು. ಮುಂದೆ ಅವರ ವಿನ್ಯಾಸ ಗುಜರಾತಿನ ಅಗ್ನಿ ಮೋಟರ್ಸ್‌ನಲ್ಲಿ ತಯಾರಾಯಿತು. ಐಲ್ ಆಫ್ ಮ್ಯಾನ್‌ನಲ್ಲಿ 2009ರ ಜೂನ್ 12ರಂದು ನಡೆದ ಮೊದಲ ವಿದ್ಯುತ್ ಬೈಕ್ ರೇಸನ್ನು ಗೆದ್ದದ್ದು ಆ ಮೋಟರ್ ಹೊತ್ತ ಬೈಕು, ಗಂಟೆಗೆ ಸರಾಸರಿ 140 ಕಿ.ಮೀ. ವೇಗದಲ್ಲಿ.

ನಿಮ್ಮ ಕಾಲೇಜಿನ ಮೈದಾನಕ್ಕೆ ಒಪ್ಪುವ ಪಂದ್ಯ ಬೇರೆಯದು. ಪ್ರತಿ ಬೈಕಿಗೂ ವ್ಯಾಟ್ ಮೀಟರ್ ಹಾಕಿ, ಎಲ್ಲರಿಗೂ 50 ವ್ಯಾಟ್-ಅವರ್ ಮಾತ್ರ ಕೊಡಿ, ಪೆಡಲ್ ತುಳಿಯುವಂತಿಲ್ಲ. ಯಾರು ಹೆಚ್ಚು ದೂರ ಹೋದರೋ ಅವರು ಗೆದ್ದಂತೆ. ಮೋಟರಿನಲ್ಲಿ ಪೋಲಾಗುವುದನ್ನು ಕಳೆದರೆ, ನಮ್ಮ 90 ಕೆ.ಜಿ.ಯ ಜೋಡಿ 25ರ ವೇಗದಲ್ಲಿ ಹೋದರೆ ಸುಮಾರು ಐದೂವರೆ ಕಿ.ಮೀ. ಮುಟ್ಟುತ್ತದೆ, 45ರಲ್ಲಿ ಹಾರಿದರೆ ಎರಡು ಕಿ.ಮೀ.ಗೇ ಮುಗಿಯುತ್ತದೆ. ಚಕ್ರದ ಗಾಳಿ, ಬ್ರೇಕ್ ಉಜ್ಜುತ್ತಿದೆಯೇ ಇಲ್ಲವೇ, ಚೈನಿನ ಎಣ್ಣೆ, ಸವಾರನ ಮೊಣಕೈ, ಎಲ್ಲವೂ ಮೀಟರಿನಲ್ಲಿ ಕಾಣುತ್ತದೆ. ಹೆಲ್ಮೆಟ್, ಕೈಗವಸು, ಉದ್ದ ಪ್ಯಾಂಟ್ ಕಡ್ಡಾಯ. ಟ್ರ್ಯಾಕಿನ ಬದಿಯಲ್ಲಿ ಮರಳಿನ ಬಕೆಟ್ಟು, ಸಾಕಷ್ಟು ನೀರು ಇರಲಿ.

ಓಟ ಮುಗಿದ ಕೂಡಲೇ ಚಾರ್ಜರ್ ಸಿಕ್ಕಿಸಬೇಡಿ. ಬೈಕನ್ನು ನೆರಳಿಗೆ ತಂದು ಬ್ಯಾಟರಿಯ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಇನ್ನೊಂದು ಗಂಟೆ ಕಾಯಿರಿ.